ಬಿಸಿನೀರಿನಿಂದ ತಣಿಯುವ ಯಂತ್ರ

ಕಯಾನಿ, ಫಿನ್ಲೆಂಡಿನ ಒಂದು ಸಣ್ಣ ಊರು. ಜನಸಂಖ್ಯೆ ಸುಮಾರು 36,000. ಆರ್ಕ್‌ಟಿಕ್ ವೃತ್ತ ಇಲ್ಲಿಂದ ಉತ್ತರಕ್ಕೆ 260 ಕಿಲೋಮೀಟರ್ ಅಷ್ಟೆ. ಊರ ನಡುವೆ ನದಿ, ನದಿಯ ನಡುಗಡ್ಡೆಯಲ್ಲಿ 17ನೇ ಶತಮಾನದ ಕೋಟೆಯ ಅವಶೇಷ, ಅದರ ಮಗ್ಗುಲಲ್ಲೇ ಜಲವಿದ್ಯುತ್ ಕೇಂದ್ರ. ಫಿನ್ನರ ಜನಪದ ಹಾಡುಗಳನ್ನು ಕಲೆಹಾಕಿ 1835ರಲ್ಲಿ ‘ಕಲೇವಾಲ’ವನ್ನು ಪ್ರಕಟಿಸಿದ ಎಲಿಯಾಸ್ ಲ್ಯೋನ್‌ರೂತ್ ಈ ಊರಿನ ವೈದ್ಯನಾಗಿದ್ದ. ನಾನು ನೋಡಲು ಬಂದಿರುವುದು ಮಾತ್ರ ಊರಂಚಿನ ಹಳೆಯ ಕಾಗದದ ಕಾರ್ಖಾನೆಯನ್ನು.

2008ರ ಕೊನೆಯಲ್ಲಿ ಯುಪಿಎಂ ಕಂಪನಿ ಈ ಕಾರ್ಖಾನೆಗೆ ಬೀಗ ಹಾಕಿತು. ನೂರಾರು ಜನ ಕೆಲಸ ಕಳೆದುಕೊಂಡರು. ಭದ್ರಾವತಿಯ ಎಂಪಿಎಂ ನಿಂತುಹೋದುದನ್ನು ಕಂಡವರಿಗೆ, ಕಾಗದದ ಗಿರಣಿ ಮುಚ್ಚಿದರೆ ಒಂದು ಊರಿಗೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಯಂತ್ರಗಳು ಹೋದರೂ ಎರಡು ಆಸ್ತಿ ಇಲ್ಲೇ ಉಳಿದವು: ಗಿರಣಿಗೆಂದೇ ಎಳೆದಿದ್ದ ಭಾರಿ ವಿದ್ಯುತ್ ತಂತಿಗಳು, ಮತ್ತು ಎಷ್ಟು ಭಾರ ಹೇರಿದರೂ ತಾಳುವ ವಿಶಾಲ ಶೆಡ್ಡುಗಳು. ಡೇಟಾ ಸೆಂಟರ್ ಕಟ್ಟುವವರು ಮೊದಲು ಹುಡುಕುವುದೂ ಇವನ್ನೇ. ಅದೇ ವರ್ಷ ದಕ್ಷಿಣದ ಹಮಿನಾದಲ್ಲಿ ಮುಚ್ಚಿದ ಇನ್ನೊಂದು ಕಾಗದದ ಗಿರಣಿಯನ್ನು ಮುಂದೆ ಗೂಗಲ್ ಕೊಂಡುಕೊಂಡಿತು. ಗಿರಣಿಗಾಗಿ ಕೊರೆದಿದ್ದ ಸುರಂಗದಲ್ಲೇ ಸಮುದ್ರದ ನೀರನ್ನು ತಂದು 2011ರಿಂದ ತನ್ನ ಸರ್ವರ್‌ಗಳನ್ನು ತಣಿಸುತ್ತಿದೆ.

ಕಯಾನಿಯ ಗಿರಣಿಗೆ ಬಂದದ್ದು ಫಿನ್ಲೆಂಡಿನ ಸರ್ಕಾರಿ ವಿಜ್ಞಾನ ಗಣನಾ ಸಂಸ್ಥೆ ಸಿಎಸ್‌ಸಿ. ಯೂರೋಪಿನ ಹಲವು ದೇಶಗಳು ಕೂಡಿ ಹಣ ಹಾಕಿದ ‘ಲೂಮಿ’ ಎಂಬ ಸೂಪರ್‌ಕಂಪ್ಯೂಟರ್ 2022ರ ಜೂನ್‌ನಲ್ಲಿ ಇಲ್ಲಿ ಉದ್ಘಾಟನೆಯಾಯಿತು. ಅತಿವೇಗದ ಗಣಕಗಳ ಆ ತಿಂಗಳ ಜಾಗತಿಕ ಪಟ್ಟಿಯಲ್ಲಿ ಅದಕ್ಕೆ ಮೂರನೆಯ ಸ್ಥಾನ.

ಹೊರಗೆ ಹಿಮ, ಉಸಿರು ಬಿಟ್ಟರೆ ಹೊಗೆ. ಒಳಗೆ ಗಣಕದ ಕೋಣೆಗೆ ಕಾಲಿಟ್ಟರೆ ಮೊದಲು ಗಮನಕ್ಕೆ ಬರುವುದು ಸದ್ದು. ಸದ್ದು ಇದೆ, ಆದರೆ ಕೂಗಿ ಮಾತಾಡಬೇಕಾದಷ್ಟಿಲ್ಲ. ಮಾಮೂಲಿ ಡೇಟಾ ಸೆಂಟರ್‌ನಲ್ಲಿ ಸಾವಿರಾರು ಸಣ್ಣ ಫ್ಯಾನುಗಳು ಒಟ್ಟಿಗೆ ಕಿರುಚುತ್ತಿರುತ್ತವೆ. ಇಲ್ಲಿ ಲೆಕ್ಕ ಮಾಡುವ ಬೀರುಗಳಲ್ಲಿ ಫ್ಯಾನುಗಳೇ ಇಲ್ಲ. ಗಾಳಿಯ ಮೊರೆತ ಬರುತ್ತಿರುವುದು ಪಕ್ಕದ ಸಾಲಿನ ಶೇಖರಣೆಯ ರ‍್ಯಾಕುಗಳಿಂದ. ಅವಿನ್ನೂ ಗಾಳಿಯಿಂದಲೇ ತಣಿಯುವಂಥವು.

ಬೀರುವಿನ ಒಳಗಡೆ ನೋಡಬೇಕಾದದ್ದು ಕೊಳವೆಗಳನ್ನು. ಲೂಮಿಯ ಮುಖ್ಯ ಭಾಗದಲ್ಲಿ 2,978 ನೋಡ್‌ಗಳಿವೆ. ಒಂದೊಂದರಲ್ಲೂ ಗ್ರಾಫಿಕ್ಸ್ ಪ್ರೊಸೆಸರ್ ನಾಲ್ಕು, ಒಂದೊಂದು ಪ್ರೊಸೆಸರೂ ಸುಮಾರು 500 ವಾಟ್ ನುಂಗುವಂಥದು. ಪ್ರತಿ ಚಿಪ್ಪಿನ ಬೆನ್ನಿಗೂ ಲೋಹದ ಒಂದು ಟೊಳ್ಳು ಪಟ್ಟಿ ಒತ್ತಿ ಕೂತಿದೆ, ಅದರೊಳಗೆ ದ್ರವ ಹರಿಯುತ್ತದೆ. ಬಿಸಿ ಹಾಲಿನ ಪಾತ್ರೆಯನ್ನು ಫ್ಯಾನಿನ ಕೆಳಗಿಡುವ ಬದಲು ನೀರಿನ ಬೋಗುಣಿಯಲ್ಲಿಟ್ಟರೆ ಬೇಗ ಆರುತ್ತದೆ ಎಂಬುದು ನಮ್ಮ ಅಡುಗೆಮನೆಗಳಿಗೆ ಗೊತ್ತಿರುವ ವಿಷಯ. ಒಂದು ಘನ ಮೀಟರ್ ನೀರು, ಅಷ್ಟೇ ಗಾಳಿಗಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು ಬಿಸಿಯನ್ನು ಹೊರುತ್ತದೆ. ಚಿಪ್ಪನ್ನು ಸವರಿಬಂದ ದ್ರವ ಬೀರುಗಳ ನಡುವೆ ನಿಂತ ಶಾಖ ವಿನಿಮಯ ಘಟಕಕ್ಕೆ ಬಂದು, ತನ್ನ ಬಿಸಿಯನ್ನು ಕಟ್ಟಡದ ನೀರಿಗೆ ಕೊಟ್ಟು ಹಿಂದಿರುಗುತ್ತದೆ. ಎರಡು ನೀರೂ ಎಂದೂ ಬೆರೆಯುವುದಿಲ್ಲ.

ನನ್ನ ಕಣ್ಣಿಗೆ ಇಲ್ಲಿಯ ನಿಜವಾದ ಜಾಣತನ ಹಿಮವೂ ಅಲ್ಲ, ನದಿಯೂ ಅಲ್ಲ. ಈ ಕೊಳವೆಯ ನೀರಿನ ತಾಪಮಾನ. ಎಷ್ಟೋ ಡೇಟಾ ಸೆಂಟರ್‌ಗಳು ನೀರನ್ನು ಹತ್ತು–ಹದಿನೈದು ಡಿಗ್ರಿಗೆ ಇಳಿಸಿ, ಆ ನೀರಿನಿಂದ ಗಾಳಿಯನ್ನು ತಣಿಸಿ, ಆ ಗಾಳಿಯನ್ನು ಸರ್ವರ್‌ಗೆ ಊದುತ್ತವೆ. ನೀರನ್ನು ಹಾಗೆ ಇಳಿಸಲು ಚಿಲ್ಲರ್ ಬೇಕು, ಚಿಲ್ಲರ್ ಎಂದರೆ ದೊಡ್ಡ ಕರೆಂಟ್ ಬಿಲ್ಲು. ಚಿಪ್ಪಿಗೋ ಅಷ್ಟು ತಣ್ಣನೆಯ ನೀರು ಬೇಕಿಲ್ಲ. ಅದು ಎಪ್ಪತ್ತು–ಎಂಬತ್ತು ಡಿಗ್ರಿಯಲ್ಲೂ ಆರಾಮವಾಗಿ ದುಡಿಯುತ್ತದೆ. ಹಾಗಿದ್ದಮೇಲೆ ಉಗುರುಬೆಚ್ಚಗಿನ ನೀರನ್ನೇ ಅದರ ಬಳಿಗೆ ಕಳಿಸಿದರೂ ಸಾಕು. ಬಿಸಿ ತಾನಾಗಿ ಹರಿಯುತ್ತದೆ, ಪಂಪುಗಳನ್ನು ಬಿಟ್ಟರೆ ಹೆಚ್ಚಿನ ಖರ್ಚಿಲ್ಲ. ಮ್ಯೂನಿಕ್ ಬಳಿಯ ಗಾರ್ಶಿಂಗ್‌ನಲ್ಲಿ 2012ರಲ್ಲೇ ಬಂದ ಸೂಪರ್‌ಮಕ್ ಯಂತ್ರ ಸುಮಾರು 40 ಡಿಗ್ರಿಯ ನೀರಿನಿಂದ ತಣಿಯುತ್ತಿತ್ತು.

ಈ ಉದ್ಯಮದವರು ತಮ್ಮ ದಕ್ಷತೆಯನ್ನು ಪಿಯುಇ ಎಂಬ ಅಂಕಿಯಿಂದ ಅಳೆಯುತ್ತಾರೆ. ಕಟ್ಟಡಕ್ಕೆ ಬಂದ ಒಟ್ಟು ವಿದ್ಯುತ್ತನ್ನು ಗಣಕಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 1 ಬಂದರೆ ಪರಿಪೂರ್ಣ. ಜಗತ್ತಿನ ಸರಾಸರಿ ಹಲವು ವರ್ಷಗಳಿಂದ 1.6ರ ಹತ್ತಿರವೇ ನಿಂತಿದೆ, ಲೂಮಿಯದು 1.05ರ ಆಸುಪಾಸು. ಆದರೆ ಈ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಸರ್ವರ್‌ನ ಹೊಟ್ಟೆಯಲ್ಲಿರುವ ಫ್ಯಾನುಗಳ ಖರ್ಚು ಗಣಕದ ಖರ್ಚಿನಲ್ಲೇ ಸೇರಿಹೋಗುತ್ತದೆ. ಅವನ್ನು ಕಿತ್ತುಹಾಕಿದರೆ ಒಟ್ಟು ಬಿಲ್ಲು ಇಳಿಯುತ್ತದೆ, ಪಿಯುಇ ಮಾತ್ರ ಕೊಂಚ ಏರಿದರೂ ಏರಬಹುದು. ಹೊರಬಿದ್ದ ಬಿಸಿ ಯಾರಿಗಾದರೂ ಉಪಯೋಗಕ್ಕೆ ಬಂತೇ ಎಂಬುದೂ ಅದರ ಲೆಕ್ಕದಲ್ಲಿಲ್ಲ.

ಕಯಾನಿಯ ಕಥೆಯ ಮುಖ್ಯ ಭಾಗ ಶುರುವಾಗುವುದೇ ಆ ಲೆಕ್ಕದ ಆಚೆ. ಪೂರ್ತಿ ವೇಗದಲ್ಲಿ ಓಡುವಾಗ ಲೂಮಿ 7 ಮೆಗಾವಾಟ್‌ಗೂ ಹೆಚ್ಚು ವಿದ್ಯುತ್ ಬಳಸುತ್ತದೆ. ಅದಷ್ಟೂ ಜಲವಿದ್ಯುತ್ತು, ಅದಷ್ಟೂ ಕೊನೆಗೆ ಬಿಸಿಯಾಗುತ್ತದೆ. ಕಟ್ಟಡದ ಇನ್ನೊಂದು ಭಾಗದಲ್ಲಿ ಹೀಟ್ ಪಂಪುಗಳು ಆ ನೀರಿನ ತಾಪವನ್ನು ಇನ್ನಷ್ಟು ಏರಿಸಿ, ರಸ್ತೆಯಡಿಯ ಕೊಳವೆಜಾಲಕ್ಕೆ ಒಪ್ಪಿಸುತ್ತವೆ. ಫಿನ್ಲೆಂಡಿನ ಊರುಗಳಲ್ಲಿ ಮನೆಮನೆಗೆ ನಲ್ಲಿನೀರು ಬರುವಂತೆಯೇ ಬಿಸಿಯೂ ಕೊಳವೆಯಲ್ಲಿ ಬರುತ್ತದೆ. ಕಯಾನಿಗೆ ವರ್ಷಕ್ಕೆ ಬೇಕಾದ ಇಂಥ ಬಿಸಿಯಲ್ಲಿ ಸುಮಾರು ಶೇ. 20ನ್ನು ಲೂಮಿಯೇ ಕೊಡಬಲ್ಲದು ಎಂಬುದು ಅದನ್ನು ನಡೆಸುವವರ ಲೆಕ್ಕ. ಹವಾಮಾನದ ಮಾದರಿಗಳನ್ನು ಓಡಿಸುವ ಯಂತ್ರ ಅಜ್ಜಿಯೊಬ್ಬಳ ಕೋಣೆಯನ್ನೂ ಬೆಚ್ಚಗಿಡುತ್ತಿದೆ ಎಂಬುದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಸಂಗತಿ. ಬೇಸಿಗೆಯಲ್ಲಿ ಊರಿಗೆ ಅಷ್ಟು ಬಿಸಿ ಬೇಡ. ಆಗ ಉಳಿದದ್ದನ್ನು ಹೊರಗಿನ ಗಾಳಿಗೆ ಬಿಡದೆ ದಾರಿಯಿಲ್ಲ.

ಇದೆಲ್ಲ ಚಳಿದೇಶದ ಭಾಗ್ಯ, ಬೆಂಗಳೂರಿಗೆ ಏನು ಪ್ರಯೋಜನ ಎಂದು ಕೇಳಬಹುದು. ಪ್ರಯೋಜನ ಇದೆ. ಕೂಲಿಂಗ್ ಟವರಿನಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಬಿಸಿಯನ್ನು ಕಳೆಯಲು ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಬೇಕು. ಒಂದು ಮೆಗಾವಾಟ್‌ನ ಯಂತ್ರಸಮೂಹ ಹಗಲೂ ರಾತ್ರಿ ಓಡಿದರೆ ದಿನಕ್ಕೆ 36,000 ಲೀಟರ್, ಅಂದರೆ 12,000 ಲೀಟರಿನ ಮೂರು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದ ಊರಿಗೆ ಇದು ಸಣ್ಣ ಮಾತಲ್ಲ. ಬೆಂಗಳೂರಿನ ಗಾಳಿ ಏಪ್ರಿಲ್‌ನಲ್ಲೂ 38 ಡಿಗ್ರಿ ದಾಟುವುದು ಅಪರೂಪ. ಒಳಹೋಗುವ ನೀರು 40 ಡಿಗ್ರಿ ಇದ್ದರೆ ನಡೆಯುವ ಯಂತ್ರವನ್ನು, ಹನಿ ನೀರನ್ನೂ ಆವಿ ಮಾಡದೆ ಬರೀ ಹೊರಗಾಳಿಯಿಂದ ವರ್ಷದ ಬಹುಪಾಲು ತಣಿಸಬಹುದು. ಸುಡುವ ಕೆಲವು ಮಧ್ಯಾಹ್ನಗಳಿಗಷ್ಟೇ ನೀರು ಚಿಮುಕಿಸುವ ಏರ್ಪಾಡು ಬೇಕಾದೀತು. ಚಿಪ್ಪಿಗೆ ನೇರವಾಗಿ ದ್ರವ ಹರಿಸುವ ವಿಧಾನ ನಮ್ಮಲ್ಲಿ ಹೊಸದೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಓಡುತ್ತಿರುವ ‘ಪರಮ್ ಪ್ರವೇಗ’ ಹೀಗೆಯೇ ತಣಿಯುವ ಯಂತ್ರ.

ಇನ್ನು ಹೊರಬರುವ ಬಿಸಿ. ನಮಗೆ ಕೋಣೆ ಕಾಯಿಸಬೇಕಿಲ್ಲ, ನಿಜ. ಆದರೆ ನಾವು ವರ್ಷವಿಡೀ ಬಿಸಿನೀರು ಸ್ನಾನ ಮಾಡುವ ಜನ. ಡೇಟಾ ಸೆಂಟರಿನಿಂದ ಹಿಂದಿರುಗುವ ನಲವತ್ತೈದು–ಐವತ್ತು ಡಿಗ್ರಿಯ ನೀರು ಹೆಚ್ಚುಕಡಿಮೆ ನಮ್ಮ ಬಚ್ಚಲಿನ ಹದ. ಆಸ್ಪತ್ರೆ, ಹಾಸ್ಟೆಲ್, ಹೋಟೆಲಿನ ಬಟ್ಟೆ ಒಗೆಯುವ ಕೋಣೆ, ಎಲ್ಲಕ್ಕೂ ಅದು ಬೇಕು, ಬೇಸಿಗೆಯಲ್ಲೂ ಬೇಕು. ಇಡೀ ನಗರಕ್ಕೆ ಕೊಳವೆಜಾಲ ಹಾಸುವುದು ಆಗದ ಮಾತು. ವೈಟ್‌ಫೀಲ್ಡ್‌ನಂಥ ಕಡೆ ಒಂದೇ ಆವರಣದಲ್ಲಿ, ಇಲ್ಲವೇ ಒಂದೇ ರಸ್ತೆಯ ಎರಡು ಬದಿಯಲ್ಲಿ ಎರಡು ಕಟ್ಟಡಗಳನ್ನು ಜೋಡಿಸುವುದು ಆಗುವ ಕೆಲಸ. ಹೊಸ ಡೇಟಾ ಸೆಂಟರಿನ ನಕ್ಷೆ ಮಂಜೂರಾತಿಗೆ ಬಂದಾಗ ಎಷ್ಟು ವಿದ್ಯುತ್, ಎಷ್ಟು ನೀರು ಎಂದು ಕೇಳುವ ಅಧಿಕಾರಿಗಳು, ಬಿಸಿಯನ್ನು ಯಾರಿಗೆ ಕೊಡುತ್ತೀರಿ ಎಂದೂ ಆಗಲೇ ಕೇಳಬೇಕು. ಕಟ್ಟಡ ಎದ್ದ ಮೇಲೆ ಕೊಳವೆಗೆ ಜಾಗ ಸಿಗುವುದಿಲ್ಲ.