ಪ್ರಥಮ ಪ್ರಕ್ರಿಯೆಯೂ ಸಂಕೇತಗಳೂ

ಗಣಕಯಂತ್ರವನ್ನು ಚಾಲೂ ಮಾಡಿದಾಗ ಲಿನಕ್ಸ್ ವ್ಯವಸ್ಥೆಯ ಕರ್ನೆಲ್ಲು ತನ್ನ ಸಿದ್ಧತೆಗಳನ್ನು ಮುಗಿಸಿ ಇನಿಟ್ ಎಂಬ ಕ್ರಮವಿಧಿಯನ್ನು ನಡೆಯಗೊಡುವುದು. ಈ ಪ್ರಕ್ರಿಯೆಯ ಸಂಖ್ಯೆ 1. ಬಳಕೆಯ ಇತರ ಪ್ರಕ್ರಿಯೆಗಳೆಲ್ಲವೂ ಇದರ ಸಂತತಿಯೇ. ಜನ್ಮ ಕೊಟ್ಟ ಪ್ರಕ್ರಿಯೆಯು ಮುಗಿದು ಅನಾಥವಾದವುಗಳನ್ನು ಸಾಮಾನ್ಯವಾಗಿ ಇದೇ ಪಾಲಿಸತಕ್ಕದ್ದು. ಇದು ಕೊನೆಗೊಂಡಿತೆಂದರೆ ಕರ್ನೆಲ್ಲು ಮುಂದುವರಿಯಲಾರದೆ ಇಡೀ ವ್ಯವಸ್ಥೆಯನ್ನೇ ಸ್ತಂಭಿಸುವುದು.

ಪ್ರಕ್ರಿಯೆಗಳಿಗೆ ಕಳುಹಿಸುವ ಕಿರುಸೂಚನೆಗಳಿಗೆ ಸಂಕೇತಗಳೆಂದು ಹೆಸರು. ಇವುಗಳಲ್ಲಿ 15ನೆಯದಾದ ‘ಟರ್ಮ್’ ಎಂಬುದು, ಕೆಲಸ ಮುಗಿಸಿ ಹೊರಡಬೇಕೆಂಬ ಸೌಮ್ಯವಾದ ಕೋರಿಕೆ. 9ನೆಯದಾದ ‘ಕಿಲ್’ ಮರಣದಂಡನೆ. ಮೊದಲನೆಯದಕ್ಕೆ ಹೇಗೆ ಉತ್ತರಿಸಬೇಕೆಂಬುದನ್ನು ಪ್ರಕ್ರಿಯೆಯು ಮುಂದಾಗಿ ಗೊತ್ತುಮಾಡಿಡಬಹುದು. ಇಡದಿದ್ದರೆ ಕರ್ನೆಲ್ಲೇ ಅದನ್ನು ಮುಗಿಸುವುದು. ಎರಡನೆಯದನ್ನು ತಡೆಯುವ ಉಪಾಯವು ಸಾಮಾನ್ಯ ಪ್ರಕ್ರಿಯೆಗಿಲ್ಲ.

ಪ್ರಥಮ ಪ್ರಕ್ರಿಯೆಗೆ ಈ ನಿಯಮವು ಅನ್ವಯಿಸದು. ತಾನಾಗಿ ಉತ್ತರವನ್ನು ಗೊತ್ತುಮಾಡಿಕೊಂಡಿರುವ ಸಂಕೇತಗಳು ಮಾತ್ರ ಅದನ್ನು ಮುಟ್ಟುವುವು. ಮಿಕ್ಕವನ್ನು ಕರ್ನೆಲ್ಲು ಅಲ್ಲಿಯೇ ತ್ಯಜಿಸುವುದು. ಸರ್ವಾಧಿಕಾರಿಯಾದ ರೂಟ್ ಬಳಕೆದಾರನು 9ನೆಯ ಸಂಕೇತವನ್ನು ಕಳುಹಿಸಿದರೂ ವ್ಯರ್ಥವೇ. ಅಜಾಗರೂಕತೆಯ ಒಂದು ಆಜ್ಞೆಯಿಂದ ಯಂತ್ರವೆಲ್ಲ ಕುಸಿಯಬಾರದೆಂಬುದೇ ಇದರ ಉದ್ದೇಶ. ಆದರೆ ಇದು ಚಿರಂಜೀವಿತ್ವವಲ್ಲ. ಇನಿಟ್ ತಾನೇ ಸಲ್ಲದ ಸ್ಮೃತಿಸ್ಥಾನವನ್ನು ಮುಟ್ಟಿ ತಪ್ಪಿದರೆ, ಕರ್ನೆಲ್ಲು ಆ ರಕ್ಷೆಯನ್ನು ಹಿಂತೆಗೆದುಕೊಳ್ಳುವುದು.

2008ರಲ್ಲಿ ಹೊರಬಂದ ಲಿನಕ್ಸ್ 2.6.24ರಿಂದ ಪ್ರಕ್ರಿಯೆಗಳ ಸಂಖ್ಯೆಗಳಿಗೆ ಪ್ರತ್ಯೇಕ ಆವರಣಗಳನ್ನು ಕಲ್ಪಿಸುವುದು ಸಾಧ್ಯವಾಯಿತು. ಇಂದಿನ ಕಂಟೈನರುಗಳು ಇದನ್ನು ಆಶ್ರಯಿಸಿವೆ. ಪ್ರತಿ ಆವರಣದಲ್ಲಿಯೂ ಒಂದು ಪ್ರಥಮ ಪ್ರಕ್ರಿಯೆ, ಅದಕ್ಕೂ ಅದೇ ರಕ್ಷೆ. ಹೊರ ಆವರಣದಿಂದ ಬಂದ ‘ಕಿಲ್’ ಮತ್ತು ‘ಸ್ಟಾಪ್’ಗಳೆರಡನ್ನು ಮಾತ್ರ ಅದು ತಪ್ಪಿಸಿಕೊಳ್ಳಲಾರದು. ತೊಡಕು ಹುಟ್ಟುವುದು ಇಲ್ಲಿಯೇ. ಡಾಕರ್ ಒಂದು ಕಂಟೈನರನ್ನು ನಿಲ್ಲಿಸುವಾಗ ವಾಡಿಕೆಯಂತೆ ಮೊದಲು ‘ಟರ್ಮ್’ ಕಳುಹಿಸಿ, ಬೇರೆ ಅವಧಿಯನ್ನು ಗೊತ್ತುಮಾಡದಿದ್ದಲ್ಲಿ 10 ಸೆಕೆಂಡು ಕಾದು, ಬಳಿಕ ‘ಕಿಲ್’ ಪ್ರಯೋಗಿಸುವುದು. 1ನೆಯ ಸ್ಥಾನದಲ್ಲಿ ಸಾಮಾನ್ಯ ಶೆಲ್ ಕುಳಿತು, ನಿಜವಾದ ಕೆಲಸಗಾರನು ಅದರ ಮಗುವಾಗಿದ್ದರೆ, ಕೋರಿಕೆಯು ಶೆಲ್ಲಿನಲ್ಲಿಯೇ ಅಡಗಿಹೋಗುವುದು. ಮಗುವು ತನ್ನ ಬರಹವನ್ನು ಸುರಕ್ಷಿತವಾಗಿ ಮುಗಿಸಲು ಎಷ್ಟೇ ಸಿದ್ಧವಾಗಿದ್ದರೂ ಅದಕ್ಕೆ ಸುದ್ದಿಯೇ ತಲಪದು. ಪ್ರಥಮ ಪ್ರಕ್ರಿಯೆಯು ಹತವಾದೊಡನೆ ಆವರಣದ ಸಮಸ್ತ ಪ್ರಕ್ರಿಯೆಗಳನ್ನೂ ಕರ್ನೆಲ್ಲು ಕೊಲ್ಲುವುದರಿಂದ, ಅರ್ಧ ಬರೆದುದು ಅರ್ಧಕ್ಕೇ ನಿಲ್ಲುವುದು.

ಶೆಲ್ಲು ತನ್ನ ಸ್ಥಾನವನ್ನೇ ಕೆಲಸಗಾರನಿಗೆ ಬಿಟ್ಟುಕೊಡುವಂತೆ ಮಾಡುವುದು ಒಂದು ಪರಿಹಾರ. ‘ಟಿನಿ’ಯಂತಹ ಪುಟ್ಟ ಇನಿಟ್ಟನ್ನು ಮುಂದಿಟ್ಟು, ಸಂಕೇತಗಳನ್ನು ಮಗುವಿಗೆ ದಾಟಿಸುವುದು ಇನ್ನೊಂದು. ಈ ಎರಡನೆಯದರ ಗುಣವನ್ನು ಕೆಲವರು ಅತಿಯಾಗಿ ಎಣಿಸುವಂತೆ ತೋರುವುದು. ‘ಟರ್ಮ್’ಗೆ ಉತ್ತರವನ್ನು ಗೊತ್ತುಮಾಡದ ಕ್ರಮವಿಧಿಯು ಟಿನಿಯ ಕೆಳಗೆ 10 ಸೆಕೆಂಡು ಕಾಯದೆ ಕೂಡಲೆ ಸಾಯುವುದು, ಅಷ್ಟೆ, ಅದರ ಬರಹವೇನೂ ಉಳಿಯದು.