ಅಳಿಸುವ ಮುನ್ನ ಒಂದು ಪ್ರಶ್ನೆ

"ಚಿಕ್ಕಪ್ಪ, ಸಿ ಡ್ರೈವ್ ಕೆಂಪಗಾಗದೆ. ಪ್ರಾಜೆಕ್ಟ್ ಸೇವ್ ಆಯ್ತಾ ಇಲ್ಲ. ಹಳೇದೆಲ್ಲ ಡಿಲೀಟ್ ಮಾಡ್ಬುಡ್ಲಾ?"

ಆತಗೂರಿನಿಂದ ಅಣ್ಣನ ಮಗಳು ಫೋನಿನಲ್ಲಿ ಹೀಗೆ ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. "ಬ್ಯಾಡ ಕಣವ್ವ, ನಾನು ಬರೋಗಂಟ ಏನೂ ಮುಟ್ಟಬ್ಯಾಡ" ಎಂದೆ. ಅವಳು 'ಹಳೇದು' ಎಂದದ್ದರೊಳಗೆ ತೀರಿಕೊಂಡ ನಮ್ಮವ್ವನ ದನಿಯೂ ಇತ್ತು. ಅಕ್ಕನ ಮಗನ ಮದುವೆಯ ಚಪ್ಪರದಲ್ಲಿ ಅವ್ವ ಸೋಬಾನೆ ಹೇಳಿದ ವಿಡಿಯೊ ಇದ್ದದ್ದು ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ.

ಶನಿವಾರ ಊರಿಗೆ ಹೋಗಿ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. 500 ಜಿಬಿ ಡಿಸ್ಕು. ವಿಂಡೋಸ್ ಅದನ್ನು 465 ಎಂದು ತೋರಿಸುತ್ತಿತ್ತು. "ಮಿಕ್ಕಿದ್ದು ಎಲ್ಲೋಯ್ತು?" ಎಂದಳು. ಎಲ್ಲೂ ಹೋಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಸೇರು ಬೇರೆ, ಕಾಳು ಅಷ್ಟೇ. ಅದರಲ್ಲಿ ಸಿ ಡ್ರೈವ್‌ಗೆ ಕೊಟ್ಟಿದ್ದ ಪಾಲು ತುಂಬಿ ಹೋಗಿತ್ತು. ಹೀಗೆ ತುಂಬಿದರೆ ಫೈಲು ಉಳಿಯುವುದಿಲ್ಲ ಎಂಬುದಷ್ಟೇ ತೊಂದರೆಯಲ್ಲ. ಕಂಪ್ಯೂಟರ್ ನಿಧಾನವಾಗುತ್ತದೆ. ಸುರಕ್ಷತೆಗೆಂದು ಬರುವ ಅಪ್‌ಡೇಟ್‌ಗಳೂ ಜಾಗವಿಲ್ಲದೆ ಅರ್ಧಕ್ಕೇ ನಿಲ್ಲುತ್ತವೆ.

ಮೊದಲು ನೋಡಿ

ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್: ಈ ದಾರಿಯಲ್ಲಿ ಹೋದರೆ ಯಾವುದು ಎಷ್ಟು ಜಾಗ ತಿಂದಿದೆ ಎಂಬ ಪಟ್ಟಿ ಸಿಗುತ್ತದೆ. ನಮ್ಮ ಮನೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದದ ಗೆರೆ ಡೆಸ್ಕ್‌ಟಾಪಿನದು. ಮದುವೆಯ ವಿಡಿಯೊ, ಫೋಟೊಗಳು ಅಲ್ಲಿಯೇ 60 ಜಿಬಿ ಹಿಡಿದಿದ್ದವು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ.

60 ಜಿಬಿ ಎಂದರೆ ಎಷ್ಟು? ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆ ಆರಂಭದಲ್ಲೇ ಕಾಲಿಟ್ಟ ತಾಲ್ಲೂಕುಗಳಲ್ಲಿ ನಮ್ಮ ಮದ್ದೂರೂ ಒಂದು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರ, ಹತ್ತಿರಹತ್ತಿರ 2 ಕೋಟಿ ಪಹಣಿಗಳು ಆಗ ಕಂಪ್ಯೂಟರಿಗೆ ಬಂದವು. ಒಂದು ಪಹಣಿಯಲ್ಲಿ ಸಾವಿರ ಅಕ್ಷರ ಎಂದಿಟ್ಟುಕೊಳ್ಳಿ. ಯುಟಿಎಫ್-8 ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಆ ಲೆಕ್ಕದಲ್ಲಿ 2 ಕೋಟಿ ಪಹಣಿಗಳ ಬರಹ 60 ಜಿಬಿಯಲ್ಲಿ ಹಿಡಿಸುತ್ತದೆ. ರಾಜ್ಯದ ರೈತರ ಜಮೀನಿನ ಬರಹಕ್ಕೆ ಬೇಕಾಗುವಷ್ಟು ಜಾಗವನ್ನು ನಮ್ಮ ಮನೆಯ ಒಂದು ಮದುವೆ ಹಿಡಿದಿತ್ತು. ಹಾಗಾಗಿ ಜಾಗ ಬೇಕೆಂದು ಪತ್ರ, ಲೆಕ್ಕಪತ್ರಗಳ ಫೈಲುಗಳನ್ನು ಅಳಿಸುತ್ತ ಕೂರುವುದು ವ್ಯರ್ಥ. ಹೊಟ್ಟೆಬಾಕ ಯಾವತ್ತೂ ವಿಡಿಯೊವೇ.

ಹೋದರೆ ಮತ್ತೆ ಎಲ್ಲಿ ಸಿಗುತ್ತದೆ?

ಮಗಳಿಗೆ ಒಂದೇ ಪ್ರಶ್ನೆ ಹೇಳಿಕೊಟ್ಟೆ. ದೊಡ್ಡದೋ ಚಿಕ್ಕದೋ, ಹಳೆಯದೋ ಹೊಸದೋ ಎಂದು ನೋಡಬೇಡ. ಇದು ಹೋದರೆ ಮತ್ತೆ ಎಲ್ಲಿ ಸಿಗುತ್ತದೆ ಎಂದು ಕೇಳಿಕೋ.

ಕಂಪ್ಯೂಟರ್ ತನ್ನ ಕೆಲಸಕ್ಕೆಂದು ತಾನೇ ಮಾಡಿಕೊಂಡದ್ದು ಮತ್ತೆ ಸಿಗುತ್ತದೆ. ಸ್ಟೋರೇಜ್ ಪಟ್ಟಿಯಲ್ಲಿರುವ 'ಟೆಂಪೊರರಿ ಫೈಲ್ಸ್' ಎಂಬುದರಲ್ಲಿ ಅಪ್‌ಡೇಟ್‌ನ ಉಳಿಕೆ, ಬ್ರೌಸರ್ ಕೂಡಿಟ್ಟ ಚಿತ್ರಗಳು ಎಲ್ಲ ಸೇರಿರುತ್ತವೆ. ಹೊಸ ವಿಂಡೋಸ್ ಹಾಕಿಸಿಕೊಂಡಾಗ ಹಳೆಯದರ ಇಡೀ ಗಂಟು ಸಾಮಾನ್ಯವಾಗಿ 10 ದಿನ ಒಳಗೇ ಇರುತ್ತದೆ. ಹಿಂದಕ್ಕೆ ಹೋಗುವ ಯೋಚನೆ ಇಲ್ಲದಿದ್ದರೆ ಅದನ್ನೂ ತೆಗೆಯಬಹುದು. ಆದರೆ ಅದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಎಲ್ಲಕ್ಕೂ ಟಿಕ್ ಹಾಕುವ ಆತುರದಲ್ಲಿ ಅದಕ್ಕೂ ಹಾಕಿಬಿಟ್ಟರೆ ನೀವು ಇಳಿಸಿಕೊಂಡದ್ದೆಲ್ಲ ಹೋಗುತ್ತದೆ.

ಡೌನ್‌ಲೋಡ್ಸ್ ತೆರೆದೆವು. ಬೆಳೆಸಾಲಕ್ಕೆ ಒಮ್ಮೆ, ಸಬ್ಸಿಡಿಗೆ ಒಮ್ಮೆ ಅಂತ ಅಣ್ಣ ಇಳಿಸಿಕೊಂಡ ಅದೇ ಸರ್ವೆ ನಂಬರಿನ ಪಹಣಿ ಆರು ಸಲ ಇತ್ತು. ಹೆಸರಿನ ಮುಂದೆ ಕಂಸದಲ್ಲಿ 1, 2, 3 ಎಂದು ಬಂದಿದ್ದರೆ ಅದೇ ಫೈಲನ್ನು ಮತ್ತೆ ಇಳಿಸಿರುವ ಸಾಧ್ಯತೆ ಹೆಚ್ಚು. ಬೇಕೆಂದಾಗ ಹೊಸ ಪಹಣಿಯನ್ನೇ ತೆಗೆಯಬಹುದು, ಕೊಡುವ ಕಡೆಯೂ ಹೊಸದನ್ನೇ ಕೇಳುತ್ತಾರೆ. ಆರನ್ನೂ ಅಳಿಸಿದೆವು.

ಅಲ್ಲಿಂದ ಮುಂದೆ ಮಗಳ ಕೈ 'ನುಡಿ' ಎಂಬ ಹಳೆಯ ಫೋಲ್ಡರಿನ ಮೇಲೆ ಹೋಯಿತು. "ಇದ ಯಾರೂ ಬಳಸಾಕಿಲ್ಲ" ಎಂದಳು. ತಡೆದೆ. ಅಪ್ಪ ಹಾಲಿನ ಡೇರಿಯ ಸಭೆಯ ನಡಾವಳಿಗಳನ್ನು ಟೈಪ್ ಮಾಡಿಸಿದ್ದು ಹಳೆಯ ನುಡಿ ಅಕ್ಷರದಲ್ಲಿ. ಅದು ಯೂನಿಕೋಡ್ ಅಲ್ಲ. ಆ ಫಾಂಟ್ ಹೋದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ನಿಲ್ಲುತ್ತವೆ. ಫಾಂಟ್‌ನ ತೂಕ ಒಂದು ಫೋಟೊದಷ್ಟೂ ಇಲ್ಲ. ಅದನ್ನು ಅಳಿಸಿ ಉಳಿಸುವ ಜಾಗ ಏನೇನೂ ಅಲ್ಲ, ಕಳೆದುಕೊಳ್ಳುವುದು ಮಾತ್ರ ಬಹಳ. ಅಂಥ ಬರಹವನ್ನು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳುವುದೇ ಒಳ್ಳೆಯ ಉಪಾಯ.

ವಿಂಡೋಸ್ ಫೋಲ್ಡರಿನ ಒಳಗಿನದನ್ನು ಮಾತ್ರ ಕೈಯಿಂದ ಅಳಿಸಲೇಬೇಡಿ. ಒಂದೇ ಒತ್ತಿಗೆ ಎಲ್ಲ ಸ್ವಚ್ಛ ಎಂದು ಜಾಹೀರಾತಿನಲ್ಲಿ ಹಾರಿಬರುವ ತಂತ್ರಾಂಶಗಳನ್ನೂ ನಂಬಬೇಡಿ.

ಡಿ ಡ್ರೈವ್ ಬೇರೆ ಮನೆಯಲ್ಲ

"ವಿಡಿಯೊನ ಡಿ ಡ್ರೈವ್‌ಗೆ ಹಾಕುದ್ರೆ ಸಾಕಲ್ವಾ?" ಎಂದಳು. ಸಿ ಹಗುರಾಗುತ್ತದೆ, ನಿಜ. ಆದರೆ ನಮ್ಮ ಮನೆಗಳ ಕಂಪ್ಯೂಟರುಗಳಲ್ಲಿ ಸಿ, ಡಿ, ಇ ಎಂಬುವು ಬಹುತೇಕ ಒಂದೇ ಡಿಸ್ಕಿನ ಪಾಲುಗಳು. ಒಂದೇ ಮನೆಗೆ ನಡುಗೋಡೆ ಎಬ್ಬಿಸಿದಂತೆ. ಡಿಸ್ಕು ಕೆಟ್ಟರೆ ಎಲ್ಲ ಪಾಲೂ ಒಟ್ಟಿಗೆ ಹೋಗುತ್ತವೆ. ಮತ್ತೆ ಸಿಗದ್ದಕ್ಕೆ ಇನ್ನೊಂದು ಪ್ರತಿ ಬೇಕು, ಅದು ಬೇರೆ ಡಿಸ್ಕಿನಲ್ಲಿರಬೇಕು.

ತಪ್ಪಿ ಅಳಿಸಿದ್ದರೆ ಮೊದಲು ರೀಸೈಕಲ್ ಬಿನ್ ನೋಡಿ. ಅಲ್ಲೂ ಇಲ್ಲದಿದ್ದರೆ ಕಂಪ್ಯೂಟರಿನ ಬಳಕೆಯನ್ನು ಕೂಡಲೇ ನಿಲ್ಲಿಸಿ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲಿನ ಮೇಲೆ ಬೇರೆಯದು ಬರೆಯುವತನಕ ಅದನ್ನು ಮೇಲೆತ್ತುವ ಅವಕಾಶ ಇರುತ್ತದೆ. ಹೊಸ ಎಸ್‌ಎಸ್‌ಡಿಗಳು ಅಳಿಸಿದ ಜಾಗವನ್ನು ತಾವೇ ಬರಿದು ಮಾಡಿಕೊಳ್ಳುವುದರಿಂದ ಆ ಆಸೆ ಕಡಿಮೆ.

ನಾನು ಒಯ್ದಿದ್ದ ಹೊರಗಿನ ಹಾರ್ಡ್ ಡಿಸ್ಕಿಗೆ ಮದುವೆಯ ಫೋಲ್ಡರನ್ನು ಕಾಪಿ ಮಾಡಿದೆವು, ಕಟ್ ಮಾಡಲಿಲ್ಲ. ಮುಗಿಯಲು ಹೊತ್ತು ಹಿಡಿಯಿತು. ಆಮೇಲೆ ಡಿ ಡ್ರೈವ್‌ಗೂ ಒಂದು ಪ್ರತಿ. ಸಿ ಡ್ರೈವ್‌ನದನ್ನು ಅಳಿಸುವ ಮುಂಚೆ ಎರಡೂ ಕಡೆಯ ವಿಡಿಯೊ ಓಡಿಸಿ ನೋಡಿದೆವು. ಕಾಪಿ ಆಗಿದೆ ಎಂದು ಪರದೆ ಹೇಳಿದರೂ ಸಾಲದು, ತೆರೆದು ನೋಡಲೇಬೇಕು.

ಅವ್ವನ ದನಿ ಕೇಳಿ ಅಡುಗೆಮನೆಯಿಂದ ಅತ್ತಿಗೆ ಬಂದು ಬಾಗಿಲಲ್ಲಿ ನಿಂತರು. ಪೂರ್ತಿ ಮುಗಿಯುವತನಕ ಯಾರೂ ಮೌಸ್ ಮುಟ್ಟಲಿಲ್ಲ. ಕೆಂಪಗಿದ್ದ ಗೆರೆ ನೀಲಿಯಾದ ಮೇಲೆ ಮಗಳು ತಾನಾಗಿಯೇ ಆ ಹೊರಗಿನ ಡಿಸ್ಕಿನಲ್ಲಿ ಹೊಸ ಫೋಲ್ಡರ್ ಮಾಡಿ, ವಿಡಿಯೊ, ನಡಾವಳಿ, ನುಡಿ ಫಾಂಟ್ ಮೂರನ್ನೂ ಅದಕ್ಕೆ ಹಾಕಿದಳು. ಹೆಸರು ಕನ್ನಡದಲ್ಲೇ ಟೈಪ್ ಮಾಡಿದಳು: 'ಮತ್ತೆ ಸಿಗದವು'.