ಬಿತ್ತನೆಗೆ ಎತ್ತಿಟ್ಟ ಕೋಶಗಳು

ನೇತ್ರಾವತಿ ದಂಡೆಯ ನರಿಕೊಂಬಿನ ತೆಂಗಿನ ತೋಟಕ್ಕೆ ನುಗ್ಗುವ ಮಂಗನ ಮಿದುಳು ನೂರು ಗ್ರಾಂ ಕೂಡ ತೂಗದು. ಅದನ್ನು ಅಟ್ಟಲು ಕವಣೆ ಹಿಡಿದು ಹೊರಟವರ ಮಿದುಳು ಸುಮಾರು 1,350 ಗ್ರಾಂ. ನಮ್ಮ ಹತ್ತಿರದ ನೆಂಟ ಚಿಂಪಾಂಜಿಯದು 400 ಗ್ರಾಂ ಆಸುಪಾಸು. ಕಾಲದಿಂದ ಕಾಲಕ್ಕೆ ತಲೆಬುರುಡೆ ಹೇಗೆ ಹಿಗ್ಗಿತೆಂದು ಪಳೆಯುಳಿಕೆಗಳು ತೋರಿಸುತ್ತವೆ. ಒಳಗಿನ ಮಿದುಳು ಬೆಳೆದ ಬಗೆ ತಿಳಿಯಲು ಮಾತ್ರ ಕಲ್ಲನ್ನು ಬಿಟ್ಟು ಕೋಶದೊಳಗೆ ಇಣುಕಬೇಕು.

ಆ ದಾರಿ ತೋರಿಸಿದವರು, ಹುಟ್ಟುವಾಗಲೇ ತಲೆ ತೀರ ಚಿಕ್ಕದಿರುವ ಮಕ್ಕಳು. ಈ ಸ್ಥಿತಿಗೆ ಪ್ರೈಮರಿ ಮೈಕ್ರೊಸೆಫಲಿ ಎಂದು ಹೆಸರು. ಮಿದುಳಿನ ರಚನೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ, ಗಾತ್ರ ಮಾತ್ರ ಬೆಳೆದಿರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಸತೀಶ್ ಗಿರಿಮಾಜಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ತಳಿವಿಜ್ಞಾನಿ ಅರುಣ್ ಕುಮಾರ್ ಇಂಥ ಮಕ್ಕಳಿದ್ದ ಭಾರತೀಯ ಕುಟುಂಬಗಳ ಡಿಎನ್ಎ ಪರೀಕ್ಷಿಸಿದರು. ಎಎಸ್‌ಪಿಎಂ ಎಂಬ ಜೀನಿನಲ್ಲಿ ಅಲ್ಲಿಯವರೆಗೆ ಯಾರೂ ಕಂಡಿರದ ದೋಷಗಳನ್ನು ಅವರ ತಂಡ 2004ರಲ್ಲಿ ವರದಿ ಮಾಡಿತು. 2009ರಲ್ಲಿ ಎಸ್‌ಟಿಐಎಲ್ ಎಂಬ ಇನ್ನೊಂದು ಜೀನ್ ಕೂಡ ಇದಕ್ಕೆ ಕಾರಣವೆಂದು ತೋರಿಸಿತು. ಮಿದುಳಿನ ಗಾತ್ರದ ಕಥೆಯಲ್ಲಿ ಇದು ನಮ್ಮ ನಾಡಿನಿಂದ ಸೇರಿದ ಗಟ್ಟಿ ಅಧ್ಯಾಯ. ಶಾಲೆಯ ಪಾಠದಲ್ಲೇ ಬರಬೇಕಾದದ್ದು.

ಎಎಸ್‌ಪಿಎಂ ಮಾಡುವ ಕೆಲಸ ಭತ್ತ ಬೆಳೆಯುವವರಿಗೆ ಸುಲಭವಾಗಿ ತಿಳಿದೀತು. ಕೊಯ್ಲಿನಲ್ಲಿ ಎಷ್ಟನ್ನು ಅಕ್ಕಿ ಮಾಡಿದರು, ಎಷ್ಟನ್ನು ಬೀಜಕ್ಕೆ ಎತ್ತಿಟ್ಟರು ಎಂಬುದರ ಮೇಲೆ ಮುಂದಿನ ಬೆಳೆ ನಿಂತಿದೆ. ಭ್ರೂಣದ ಮಿದುಳಿನಲ್ಲಿರುವ ಕಾಂಡಕೋಶವೂ ಒಡೆದು ಎರಡಾಗುವಾಗ ಎರಡನ್ನೂ ಕಾಂಡಕೋಶವಾಗಿಯೇ ಉಳಿಸಿಕೊಳ್ಳಬಹುದು, ಇಲ್ಲವೇ ಒಂದನ್ನು ನರಕೋಶವಾಗಲು ಕಳಿಸಬಹುದು. ನರಕೋಶವಾದದ್ದು ಮತ್ತೆ ಒಡೆಯದು. ಒಡೆಯುವ ಕೋಶದ ಎರಡು ತುದಿಗಳಲ್ಲಿ ನಿಂತು ವಿಭಜನೆ ನೆಟ್ಟಗೆ ನಡೆಯುವಂತೆ ನೋಡಿಕೊಳ್ಳುವುದು ಎಎಸ್‌ಪಿಎಂ ಪ್ರೋಟೀನು. ಅದು ಕೆಟ್ಟರೆ ಬೀಜದ ದಾಸ್ತಾನು ಬೇಗ ಕರಗುತ್ತದೆ, ಒಟ್ಟು ನರಕೋಶಗಳು ಕಡಿಮೆಯಾಗುತ್ತವೆ. ಇಲಿಯಲ್ಲಿ ಈ ಜೀನ್ ಕೆಡಿಸಿದರೆ ಮಿದುಳು ತುಸುವೇ ಕುಗ್ಗುತ್ತದೆ. ಮುಂಗುಸಿಯಂಥ ಮೈಕಟ್ಟಿನ, ಮಡಿಕೆ ಮಿದುಳಿನ ಫೆರೆಟ್‌ನಲ್ಲಿ ಶೇಕಡಾ 40ರವರೆಗೂ ಕುಗ್ಗಿದ್ದನ್ನು 2018ರ ಪ್ರಯೋಗ ತೋರಿಸಿತು. ಮಿದುಳು ದೊಡ್ಡದಾದಷ್ಟೂ ಈ ದಾಸ್ತಾನಿನ ಮೇಲಿನ ಅವಲಂಬನೆ ಹೆಚ್ಚು.

ಮಾನವ ಶಾಖೆಯಲ್ಲಿ ಎಎಸ್‌ಪಿಎಂ ಬಿರುಸಾಗಿ ಬದಲಾಗಿದೆ ಎಂಬುದು ನಿಜ. ಆದರೆ ಇದನ್ನು ‘ಬುದ್ಧಿಯ ಜೀನ್’ ಎಂದವರನ್ನು ನಂಬಬೇಡಿ. ಇದರ ಹೊಸ ರೂಪವೊಂದು ಈಚಿನ ಕೆಲವು ಸಾವಿರ ವರ್ಷಗಳಲ್ಲಿ ಕೆಲವು ಜನಾಂಗಗಳಲ್ಲಿ ಮಾತ್ರ ವೇಗವಾಗಿ ಹರಡಿತೆಂದು 2005ರಲ್ಲಿ ಷಿಕಾಗೊದ ಬ್ರೂಸ್ ಲಾನ್ ತಂಡ ಬರೆದಾಗ ದೊಡ್ಡ ಗದ್ದಲವಾಯಿತು. ಆ ರೂಪ ಇರುವವರ ಮಿದುಳು ದೊಡ್ಡದೂ ಅಲ್ಲ, ಬುದ್ಧಿ ಹೆಚ್ಚೂ ಅಲ್ಲ ಎಂದು ಮುಂದಿನ ಪರೀಕ್ಷೆಗಳು ಹೇಳಿದವು.

ಇಲ್ಲಿ ಕುಟುಂಬಗಳಿಗೆ ನೇರವಾಗಿ ತಟ್ಟುವ ಸಂಗತಿಯೊಂದಿದೆ. ಮಗು ಚಿಕ್ಕ ತಲೆಯೊಂದಿಗೆ ಹುಟ್ಟಲು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಜೀನಿನ ಎರಡು ಕೆಟ್ಟ ಪ್ರತಿಗಳು ಸೇರಬೇಕು. ಒಂದೇ ಕೆಟ್ಟ ಪ್ರತಿ ಇದ್ದವರು ಪೂರ್ತಿ ಆರೋಗ್ಯವಂತರು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದಾಗ, ಹಿರಿಯರೊಬ್ಬರಲ್ಲಿದ್ದ ಒಂದೇ ದೋಷ ಎರಡೂ ಕಡೆಯಿಂದ ಬಂದು ಕೂಡುವ ಸಾಧ್ಯತೆ ಹೆಚ್ಚು. ಗ್ರಹಣ ನೋಡಿದಳೆಂದು ಬಸುರಿಯನ್ನು ದೂರುವ ಮನೆಗಳಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕು. ಇಬ್ಬರೂ ದೋಷವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಅಪಾಯ ನಾಲ್ಕರಲ್ಲಿ ಒಂದು. ಆ ಮನೆಯ ದೋಷ ಯಾವ ಜೀನಿನಲ್ಲಿ ಎಲ್ಲಿದೆ ಎಂದು ಒಮ್ಮೆ ಗೊತ್ತಾದರೆ, ಅದು ಯಾರ ಯಾರ ಮೈಯಲ್ಲಿದೆ ಎಂಬುದನ್ನು ಮದುವೆಗೆ ಮೊದಲೇ ರಕ್ತಪರೀಕ್ಷೆಯಿಂದ ತಿಳಿಯಬಹುದು.